ಅಮ್ಮ ಯಾರ ಪಾಲಿಗೆ?

ನಮ್ಮ ಕಡೆ ಅಣ್ಣತಮ್ಮಂದಿರು ಹಿಸ್ಸೆಯಾಗುವ ದಿನ ಜಮೀನು, ತೆಂಗಿನ ಮರ, ದನಕರು, ಹಿತ್ತಾಳೆ ಪಾತ್ರೆ ಎಲ್ಲವನ್ನೂ ಊರ ಹಿರಿಯರು ಲೆಕ್ಕ ಹಾಕಿ ಹಂಚಿಕೊಟ್ಟ ಮೇಲೆ ಕೊನೆಗೆ ಒಂದು ಪ್ರಶ್ನೆ ಉಳಿಯುತ್ತಿತ್ತು. ಅಮ್ಮ ಯಾರ ಪಾಲಿಗೆ? ಆರು ತಿಂಗಳು ದೊಡ್ಡವನ ಮನೆ, ಆರು ತಿಂಗಳು ಚಿಕ್ಕವನ ಮನೆ ಎಂದು ತೀರ್ಮಾನವಾಗುತ್ತಿತ್ತು. ಅಧಿಕಮಾಸ ಬಂದ ವರ್ಷ ಆ ಹೆಚ್ಚಿನ ತಿಂಗಳು ಯಾರ ಲೆಕ್ಕಕ್ಕೆ ಎಂದು ಜಗಳವಾದದ್ದನ್ನೂ ನಾನು ಕೇಳಿದ್ದೇನೆ. ಅಮ್ಮ ಎನ್ನುವವಳು ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಹೆಣ್ಣುಮಕ್ಕಳ ಹೆಸರಂತೂ ಆ ಲೆಕ್ಕದಲ್ಲಿ ಬರುತ್ತಲೇ ಇರಲಿಲ್ಲ. ಕೊಟ್ಟ ಮನೆಯಲ್ಲಿ ಅಮ್ಮನಿಗೆ ನಾಲ್ಕು ದಿನದ ಊಟ ಉಂಟು, ನೆಲೆ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಈಗ ಆ ಪಂಚಾಯಿತಿ ಬಹಳ ದೂರದಲ್ಲಿ ಸೇರುತ್ತಿದೆ. ನಮ್ಮಂಥ ತಾಲ್ಲೂಕು ಕೇಂದ್ರದಲ್ಲೂ ಬೀದಿಗೆ ಎರಡು ಮೂರು ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಅಪ್ಪ ಅಮ್ಮ ಇಬ್ಬರೂ ಗಟ್ಟಿಯಾಗಿರುವ ತನಕ ಹೇಗೋ ನಡೆಯುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಮಕ್ಕಳು ಬರುತ್ತಾರೆ, ಬಾಣಂತನಕ್ಕೆ ಇವರು ಹೋಗುತ್ತಾರೆ. ಮೆಂತ್ಯದ ಹಿಟ್ಟು, ಬಾಣಂತಿ ಖಾರ, ಹರಳೆಣ್ಣೆ, ಮಗುವಿಗೆ ಹಳೆಯ ಮೆತ್ತನೆ ಸೀರೆಯ ತುಂಡು ಕಟ್ಟಿಕೊಂಡು ವಿಮಾನ ಹತ್ತಿದ ಹೆಂಗಸರು ನಮ್ಮ ಬೀದಿಯಲ್ಲೇ ನಾಲ್ವರಿದ್ದಾರೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡು, ಉಳಿದವರಿಗೆ ಮಂಡಿ ಹಿಡಿದು, ಒಲೆಯ ಮೇಲೆ ಹಾಲಿಟ್ಟದ್ದು ಮರೆಯುವುದಕ್ಕೆ ಶುರುವಾದಾಗ ಹಳೆಯ ಪ್ರಶ್ನೆ ಮತ್ತೆ ಎದ್ದು ಬರುತ್ತದೆ. ಆಗ ತಿಳಿಯುತ್ತದೆ, ಬಾಣಂತನ ಮಾಡುವುದಕ್ಕೆ ತೆರೆದಿದ್ದ ಬಾಗಿಲು ಮಾಡಿಸಿಕೊಳ್ಳುವುದಕ್ಕೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ ಎಂದು.

ನಮ್ಮ ಪಕ್ಕದ ಮನೆಯ ದೊಡ್ಡಮ್ಮನಿಗೆ ಎಪ್ಪತ್ತೊಂಬತ್ತು ವರ್ಷ. ಸಂಬಂಧದಲ್ಲಿ ಏನೂ ಅಲ್ಲ, ಇಪ್ಪತ್ತೆರಡು ವರ್ಷ ಒಂದೇ ಕಾಂಪೌಂಡು ಗೋಡೆಯ ಆಚೆ ಈಚೆ ಇದ್ದೇವೆ, ಹಾಗಾಗಿ ದೊಡ್ಡಮ್ಮ. ಒಬ್ಬಳೇ ಮಗಳು, ಇಂಗ್ಲೆಂಡಿನಲ್ಲಿ ಡಾಕ್ಟರು. ಹೋಗಿ ಇಪ್ಪತ್ತು ವರ್ಷವಾಯಿತು. ಎರಡು ವರ್ಷದ ಹಿಂದೆ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮಗಳು ರಜ ಹಾಕಿ ಬಂದು ಆಪರೇಷನ್ ಮಾಡಿಸಿ, ಏಜೆನ್ಸಿಯಿಂದ ಒಬ್ಬ ಹೋಂ ನರ್ಸನ್ನು ಗೊತ್ತುಮಾಡಿ, ಅಳುತ್ತಾ ಹೋದಳು. ಅಮ್ಮನನ್ನು ಕಾಯಂ ಆಗಿ ಕರೆಸಿಕೊಳ್ಳುವುದಕ್ಕೆ ಅರ್ಜಿ ಹಾಕಬೇಕೆಂದು ಅಲ್ಲಿನ ವಕೀಲರನ್ನು ಹಿಡಿದಿದ್ದಾಳೆ. ಆ ವಕೀಲರು ಏನೇನು ಕಾಗದ ಬೇಕು ಎಂದು ಒಂದು ಪಟ್ಟಿ ಕಳಿಸಿದ್ದರು. ಹೇಳಿ ಕೇಳಿ ನಾನು ಟೀಚರ್, ಇಂಗ್ಲಿಷ್ ಓದಿ ಹೇಳುತ್ತೇನೆಂದು ದೊಡ್ಡಮ್ಮ ಕರೆಸಿದರು. ಮಗಳು ಆಗಲೇ ಫೋನಿನಲ್ಲಿ ಸಾರಾಂಶ ಹೇಳಿಬಿಟ್ಟಿದ್ದಳೆಂದು ಕಾಣುತ್ತದೆ. ನಾನು ಚಾಪೆಯ ಮೇಲೆ ಕೂತ ಕೂಡಲೇ ಅವರೇ ಶುರುಮಾಡಿದರು.

"ಟೀಚರಮ್ಮ, ನೀನು ನನ್ನ ನೋಡ್ಕೊಳಕ್ಕಾಗಲ್ಲ ಅಂತ ಬರೆದು ಕೊಡಬೇಕಂತೆ ಕಣಮ್ಮ."

ನಕ್ಕರು. ನನಗೆ ನಗು ಬರಲಿಲ್ಲ. ಈ ಮಾತಿನ ಹಿಂದೆ ಏನಿದೆ ಎಂದು ತಿಳಿದುಕೊಳ್ಳಲು ನಾನು ಆಮೇಲೆ ಬಹಳ ಓದಬೇಕಾಯಿತು. ಮೂವತ್ತು ವರ್ಷದಿಂದ ಮಕ್ಕಳಿಗೆ ಸಮಾಜ ವಿಜ್ಞಾನದಲ್ಲಿ ಹಕ್ಕು, ಕರ್ತವ್ಯ ಎಂದು ಪಾಠ ಹೇಳುವವಳಿಗೆ ಇಷ್ಟು ಹತ್ತಿರದಿಂದ ಆ ಎರಡು ಶಬ್ದಗಳು ಡಿಕ್ಕಿ ಹೊಡೆಯುವುದನ್ನು ನೋಡುವ ಸಂದರ್ಭ ಬಂದಿರಲಿಲ್ಲ.

ಬ್ರಿಟನ್ನಿನಲ್ಲಿ 2012ಕ್ಕೆ ಮುಂಚೆ ಇದ್ದ ನಿಯಮ ನಮ್ಮವರಿಗೆ ಅರ್ಥವಾಗುವಂಥದು. ತಂದೆಗೋ ತಾಯಿಗೋ 65 ವರ್ಷ ತುಂಬಿರಬೇಕು, ಅಲ್ಲಿ ನೆಲೆಸಿದ ಮಗನ ಅಥವಾ ಮಗಳ ಹಣದಿಂದಲೇ ಬಹುಮಟ್ಟಿಗೆ ಅವರ ಜೀವನ ನಡೆಯುತ್ತಿರಬೇಕು, ತಮ್ಮ ದೇಶದಲ್ಲಿ ಆಸರೆಗೆ ಬೇರೆ ಹತ್ತಿರದ ಬಂಧುಗಳು ಇರಬಾರದು. ಕರೆಸಿಕೊಂಡವರು ಸರ್ಕಾರದ ಹಣ ಮುಟ್ಟದೆ ಸಾಕಬೇಕು. ಇದರಲ್ಲೂ ಕಷ್ಟಗಳಿದ್ದವು, ತಿರಸ್ಕಾರವಾಗುತ್ತಿತ್ತು, ಅಪೀಲು ಹೋಗುತ್ತಿದ್ದರು. ಆದರೂ ಮುದಿತನ, ಒಂಟಿತನ, ಮಕ್ಕಳ ಆಸರೆ ಎನ್ನುವ ಮೂರು ಮಾತು ಅದರೊಳಗೆ ಇದ್ದವು.

2012ರ ಜುಲೈ 9ರಿಂದ ಅದು ಬದಲಾಯಿತು. ಈಗ ವಯಸ್ಸಾದರೆ ಸಾಲದು, ಒಂಟಿಯಾದರೆ ಸಾಲದು. ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ಸ್ನಾನ, ಬಟ್ಟೆ ಉಡುವುದು, ಅಡುಗೆ ಇಂಥ ನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲಾಗದೆ ದೀರ್ಘಕಾಲ ಇನ್ನೊಬ್ಬರ ಆರೈಕೆ ಬೇಕೆಂದು ತೋರಿಸಬೇಕು. ಅದಾದ ಮೇಲೆ ಇನ್ನೊಂದು ಗಂಟು. ಮಕ್ಕಳು ಅಲ್ಲಿಂದ ಹಣ ಕಳಿಸಿದರೂ ಕೂಡ ಆ ಆರೈಕೆ ಇಲ್ಲಿ ಸಿಗುವುದಿಲ್ಲ, ಮಾಡುವ ಯೋಗ್ಯ ಮನುಷ್ಯರು ಇಲ್ಲ, ಅಥವಾ ಅದರ ಬೆಲೆ ಕೈಗೆ ಎಟುಕುವುದಿಲ್ಲ ಎಂದು ರುಜುವಾತು ಮಾಡಬೇಕು. ಮಾಡುವವರು ಎಂದರೆ ಮಕ್ಕಳೇ ಆಗಬೇಕಿಲ್ಲ. ಕೆಲಸದವರು, ನರ್ಸು, ವೃದ್ಧಾಶ್ರಮ ಯಾವುದಾದರೂ ಸರಿ. ಅರ್ಜಿಯನ್ನು ಇಲ್ಲಿಂದಲೇ ಹಾಕಬೇಕು. ಆರು ತಿಂಗಳ ವೀಸಾದ ಮೇಲೆ ಮಗಳ ಮನೆಗೆ ಹೋಗಿ ಅಲ್ಲೇ ಕಾಯಂ ಮಾಡಿಸಿಕೊಳ್ಳುವ ದಾರಿ ಇಲ್ಲ. ಅರ್ಜಿಯ ಶುಲ್ಕವೇ ಮೂರು ಸಾವಿರ ಪೌಂಡಿಗೂ ಮೇಲೆ.

ಇದರಲ್ಲಿರುವ ಇಕ್ಕಟ್ಟು ನೋಡಿ. ಮಗಳು ಚೆನ್ನಾಗಿ ದುಡಿಯುತ್ತಾಳೆ ಎಂದರೆ ಇಲ್ಲಿ ನರ್ಸನ್ನು ಇಡುವ ಶಕ್ತಿ ಅವಳಿಗಿದೆ, ಆದ್ದರಿಂದ ಅಮ್ಮ ಬರಬೇಕಾಗಿಲ್ಲ. ದುಡಿಮೆ ಸಾಲದು ಎಂದರೆ ಅಲ್ಲಿ ಅಮ್ಮನನ್ನು ಸರ್ಕಾರದ ನೆರವಿಲ್ಲದೆ ಸಾಕುವ ಶಕ್ತಿ ಅವಳಿಗಿಲ್ಲ, ಆದ್ದರಿಂದ ಅಮ್ಮ ಬರುವಂತಿಲ್ಲ. ಅಲ್ಲಿನ ಪ್ರಜೆಯಾದವರು ಮತ್ತು ಕಾಯಂ ನೆಲೆಸಿದವರು ಐದು ವರ್ಷದ ಹೊಣೆಪತ್ರ ಬೇರೆ ಬರೆದುಕೊಡಬೇಕು. ಅಮ್ಮ ಎದ್ದು ಓಡಾಡುವಷ್ಟು ಗಟ್ಟಿಯಾಗಿದ್ದರೆ ಆರೈಕೆ ಬೇಡ. ಹಾಸಿಗೆ ಹಿಡಿದರೆ ಹತ್ತು ಗಂಟೆ ವಿಮಾನದಲ್ಲಿ ಕೂರಿಸುವುದು ಹೇಗೆ? ಅಳಿಸಿಹೋಗುವ ಸೀಮೆಸುಣ್ಣದ ಗೆರೆಯಂಥ ಒಂದು ಸಣ್ಣ ಜಾಗದಲ್ಲಿ ಆಕೆ ನಿಂತಿರಬೇಕು.

ಅರ್ಜಿ ತಿರಸ್ಕಾರವಾದರೆ ಅಪೀಲು. ಹೊರದೇಶದಲ್ಲಿರುವವರಿಗೆ 28 ದಿನಗಳ ಕಾಲಾವಕಾಶ. 2014ರ ವಲಸೆ ಕಾಯಿದೆಯ ನಂತರ ಇಂಥ ಅಪೀಲು ಮಾನವ ಹಕ್ಕಿನ ಆಧಾರದ ಮೇಲೆ ಮಾತ್ರ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಎಲ್ಲರ ಖಾಸಗಿ ಬದುಕು ಮತ್ತು ಕುಟುಂಬ ಜೀವನಕ್ಕೆ ಗೌರವ ಕೊಡಬೇಕು ಎನ್ನುತ್ತದೆ. ಅಲ್ಲಿನ ನ್ಯಾಯಮಂಡಳಿಯ ಮುಂದೆ ಮಗಳು ಹೋಗಿ ಸಾಕ್ಷಿ ಹೇಳುತ್ತಾಳೆ. ಅಮ್ಮ ಇಲ್ಲಿ ಇರುತ್ತಾಳೆ. ಯಾರ ಹೆಸರಿನಲ್ಲಿ ಅಪೀಲು ನಡೆಯುತ್ತಿದೆಯೋ ಆಕೆಯ ಮುಖ ಸಾಮಾನ್ಯವಾಗಿ ನ್ಯಾಯಾಧೀಶರ ಎದುರಿಗೆ ಇರುವುದಿಲ್ಲ, ಅವಳ ಬರಹದ ಹೇಳಿಕೆ ಮತ್ತು ಡಾಕ್ಟರ ಸರ್ಟಿಫಿಕೇಟು ಇರುತ್ತದೆ. ಅಡುಗೆಮನೆಯ ಬಾಗಿಲು ಇನ್ನೂ ಸ್ವಲ್ಪ ದೂರ ಹೋಯಿತು ಅಷ್ಟೆ.

ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ ನಮಗೆ ವಿಚಿತ್ರ. ಈ ತಾಯಿ ಮಗಳ ನಡುವೆ ಕುಟುಂಬ ಜೀವನ ಎನ್ನುವುದು ಇದೆಯೇ? ಗಂಡ, ಹೆಂಡತಿ, ಚಿಕ್ಕ ಮಕ್ಕಳು ಎಂದರೆ ಅದು ಕುಟುಂಬ ಎಂದು ಕಾನೂನು ಸುಲಭವಾಗಿ ಒಪ್ಪುತ್ತದೆ. ಬೆಳೆದ ಮಕ್ಕಳಿಗೂ ಹೆತ್ತವರಿಗೂ ನಡುವೆ ಹಾಗಲ್ಲ. 2003ರಲ್ಲಿ ಶ್ರೀಲಂಕಾದ ಒಬ್ಬ ವ್ಯಕ್ತಿಯ ಮೊಕದ್ದಮೆಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದು, ವಯಸ್ಕರ ನಡುವೆ ಸಾಮಾನ್ಯವಾದ ಪ್ರೀತಿ ವಿಶ್ವಾಸ ಇದ್ದರೆ ಸಾಲದು, ಅದಕ್ಕಿಂತ ಹೆಚ್ಚಿನ ಅವಲಂಬನೆ ಇರಬೇಕು ಎಂದು. ಈ ಮಾತು ಆಮೇಲೆ ನೂರಾರು ತಂದೆತಾಯಿಯರ ಅಪೀಲುಗಳಲ್ಲಿ ಬಂದಿದೆ. ಸಾಮಾನ್ಯ ಪ್ರೀತಿಗಿಂತ ಹೆಚ್ಚಿನದು! ದಿನಾ ರಾತ್ರಿ ಎಂಟೂವರೆಗೆ ಫೋನು ಬರುವುದು ಸಾಮಾನ್ಯವೋ ಹೆಚ್ಚಿನದೋ? ಫೋನು ಬಾರದಿದ್ದ ದಿನ ದೊಡ್ಡಮ್ಮ ಊಟ ಮಾಡದೆ ಕೂರುವುದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಈ ನಿಯಮಗಳನ್ನು ಬ್ರಿಟ್‌ಸಿಟ್ಸ್ ಎಂಬ ಸಂಸ್ಥೆ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ತೆರಿಗೆ ಕೊಡುವವರ ಮೇಲಿನ ಹೊರೆ ಇಳಿಸಬೇಕೆಂಬ ಸರ್ಕಾರದ ಉದ್ದೇಶ ನ್ಯಾಯವಾದದ್ದೇ ಎಂದಿತು. ಆದರೆ ಒಂದು ಕಿಟಕಿಯನ್ನು ತೆರೆದಿಟ್ಟಿತು. ಆರೈಕೆ ಎಂದರೆ ಮೈಗೆ ಮಾಡುವುದಷ್ಟೇ ಅಲ್ಲ, ವೈದ್ಯರ ಪರಿಣತ ಸಾಕ್ಷ್ಯ ಇದ್ದರೆ ಮನಸ್ಸಿಗೆ ಬೇಕಾದದ್ದನ್ನೂ ಪರಿಗಣಿಸಬೇಕು, ಇಲ್ಲಿ ಸಿಗುವ ಆರೈಕೆ ಆ ವ್ಯಕ್ತಿಗೆ ನಿಜವಾಗಿ ಒಗ್ಗುವಂಥದೇ ಎಂದು ನೋಡಬೇಕು ಎಂದಿತು. ಅಂದರೆ ಮಗಳನ್ನು ನೋಡಬೇಕು ಎನ್ನುವ ಆಸೆ ಕಾಯಿಲೆಯಾಗಿ ಡಾಕ್ಟರ ಕೈಬರಹದಲ್ಲಿ ಬಂದರೆ ಅದಕ್ಕೆ ಬೆಲೆ ಉಂಟು.

ಇದನ್ನೆಲ್ಲ ಓದಿ ಕೋಪ ಬರುವುದು ಸಹಜ. ಆದರೆ ಕೋಪ ಇಳಿದ ಮೇಲೆ ಅವರ ಕಡೆಯ ಮಾತನ್ನೂ ಕೇಳಬೇಕು. ಬ್ರಿಟನ್ನಿನಲ್ಲಿ ಚಿಕಿತ್ಸೆ ಎಲ್ಲರಿಗೂ ಸರ್ಕಾರದ ಖರ್ಚಿನಲ್ಲಿ ಸಿಗುತ್ತದೆ. ಆ ವ್ಯವಸ್ಥೆ 1948ರಿಂದ ನಡೆದು ಬಂದಿದೆ. ಅದಕ್ಕೆ ಹಣ ಜನರ ತೆರಿಗೆಯಿಂದ. ಎಂಬತ್ತರ ಹತ್ತಿರದ ಒಬ್ಬರು ಬಂದರೆ ಅವರಿಂದ ಬರುವ ತೆರಿಗೆ ಏನೂ ಇಲ್ಲ, ಖರ್ಚು ಮಾತ್ರ. ನಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ಮುಂದಿನ ಸಾಲನ್ನು ನೆನೆದುಕೊಳ್ಳಿ. ಪಕ್ಕದ ರಾಜ್ಯದಿಂದ ಒಂದು ಬಸ್ಸು ತುಂಬ ವೃದ್ಧರು ಬಂದು ಅದೇ ಸಾಲಿನಲ್ಲಿ ನಿಂತರೆ ನಾವು ಬನ್ನಿ ಕೂತುಕೊಳ್ಳಿ ಎನ್ನುತ್ತೇವೆಯೇ? ಮನೆಯ ಬಾಗಿಲಿಗೆ ಬಂದ ಒಬ್ಬರಿಗೆ ಊಟ ಹಾಕುವುದು ಬೇರೆ, ಬರುವವರೆಲ್ಲರಿಗೂ ಹಾಕುತ್ತೇವೆಂದು ಬೋರ್ಡು ಹಾಕುವುದು ಬೇರೆ. ಸರ್ಕಾರ ಮಾಡುವುದು ಯಾವತ್ತೂ ಎರಡನೆಯದನ್ನು. ಈ ವಾದವನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ.

ಆದರೂ ಇದರೊಳಗೆ ಒಂದು ಹುಳುಕಿದೆ ಎಂದು ನನಗೆ ಅನ್ನಿಸುತ್ತದೆ. ಆ ದೇಶ ದೊಡ್ಡಮ್ಮನ ಮಗಳನ್ನು ಬರಮಾಡಿಕೊಂಡದ್ದು ತನಗೆ ಡಾಕ್ಟರು ಬೇಕಾಗಿತ್ತೆಂದು. ಬ್ರಿಟನ್ನಿನಲ್ಲಿ ವೃದ್ಧರ ವೈದ್ಯ ವಿಭಾಗ ಎನ್ನುವುದು ಬಹುಕಾಲ ಅಲ್ಲಿಯ ವೈದ್ಯರು ಒಲ್ಲದ ಕೆಲಸವಾಗಿತ್ತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ನಮ್ಮ ಭಾರತ ಉಪಖಂಡದಿಂದ ಹೋದ ವೈದ್ಯರ ಪಾಲು ಬಹಳ ದೊಡ್ಡದು ಎಂದು ಅಲ್ಲಿನ ಚರಿತ್ರೆ ಬರೆದವರೇ ಹೇಳುತ್ತಾರೆ. ಈ ಹುಡುಗಿಯೂ ವೃದ್ಧರ ವಾರ್ಡಿನಲ್ಲೇ ಕೆಲಸ ಮಾಡುವುದು. ಅಲ್ಲಿ ಮಕ್ಕಳು ದೂರವಿರುವ ಮುದುಕಿಯರ ಕೈ ಹಿಡಿದು ಮಾತಾಡಿಸುತ್ತಾಳೆ. ಒಬ್ಬ ಮನುಷ್ಯಳನ್ನು ಕೆಲಸಕ್ಕೆ ಕರೆದಾಗ ಬರುವುದು ಬರೀ ಎರಡು ಕೈಯಲ್ಲ, ಅವಳಿಗೆ ಒಬ್ಬ ತಾಯಿ ಇದ್ದೇ ಇರುತ್ತಾಳೆ ಎಂದು ಕರೆಯುವವರಿಗೆ ಗೊತ್ತಿರಬೇಕಲ್ಲ? ಹೋಗುವವಳಿಗೂ ಗೊತ್ತಿರಬೇಕಿತ್ತು ಎಂದು ನೀವು ಹೇಳಬಹುದು. ಗೊತ್ತಿತ್ತು. ಆದರೆ ಅವಳು ಹೋದದ್ದು 2012ಕ್ಕೆ ಮೊದಲು. ಅಪ್ಪ ಅಮ್ಮನಿಗೆ ಅರವತ್ತೈದಾದ ಮೇಲೆ ಬೇಕಾದರೆ ಕರೆಸಿಕೊಳ್ಳಬಹುದು ಎಂಬ ನಿಯಮ ನೋಡಿಕೊಂಡೇ ಹೋದವಳು. ಪರೀಕ್ಷೆಯ ಅರ್ಧದಲ್ಲಿ ಪ್ರಶ್ನೆಪತ್ರಿಕೆ ಬದಲಾಯಿಸಿದರೆ ನಮ್ಮ ಶಾಲೆಯಲ್ಲಿ ಮಕ್ಕಳ ತಂದೆತಾಯಿ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ.

ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಅಮೆರಿಕದಲ್ಲಿ ಪ್ರಜೆಯಾದ, 21 ವರ್ಷ ತುಂಬಿದ ಮಗನೋ ಮಗಳೋ ತಂದೆತಾಯಿಗೆ ಅರ್ಜಿ ಹಾಕಿದರೆ ವರ್ಷಕ್ಕೆ ಇಷ್ಟೇ ಮಂದಿ ಎಂಬ ಮಿತಿ ಇಲ್ಲ. ಕೆನಡಾದಲ್ಲಿ ಒಮ್ಮೆಗೆ ಐದು ವರ್ಷ ಇರಬಹುದಾದ ಸೂಪರ್ ವೀಸಾ ಎನ್ನುವುದಿದೆ, ಆಸ್ಪತ್ರೆ ಖರ್ಚಿಗೆ ವಿಮೆ ಮಾಡಿಸಬೇಕು. ಇದು ನನಗೆ ನಡುವಿನ ದಾರಿಯಾಗಿ ಸರಿ ಕಾಣುತ್ತದೆ. ಆಸ್ಟ್ರೇಲಿಯಾದ್ದು ಮಾತ್ರ ನಮ್ಮ ಹಿಸ್ಸೆಯ ಪಂಚಾಯಿತಿಯನ್ನೇ ನೆನಪಿಗೆ ತರುತ್ತದೆ. ಅಲ್ಲಿ ಮಕ್ಕಳನ್ನು ಎಣಿಸುತ್ತಾರೆ. ಕಡೆಯಪಕ್ಷ ಅರ್ಧದಷ್ಟು ಮಕ್ಕಳು ಅಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವ ಒಂದು ದೇಶಕ್ಕಿಂತಲೂ ಅಲ್ಲಿ ಹೆಚ್ಚು ಮಕ್ಕಳಿರಬೇಕು. ಇಬ್ಬರು ಬೆಂಗಳೂರಿನಲ್ಲಿ, ಒಬ್ಬಳು ಸಿಡ್ನಿಯಲ್ಲಿ ಎಂದರೆ ಅಮ್ಮ ಬೆಂಗಳೂರಿನ ಪಾಲು. ಆ ಇಬ್ಬರೂ ಅಮ್ಮನ ಮುಖ ನೋಡದೆ ಹತ್ತು ವರ್ಷವಾಗಿದ್ದರೂ ಲೆಕ್ಕ ಲೆಕ್ಕವೇ. ಲೆಕ್ಕದಲ್ಲಿ ಪಾಸಾದರೆ ಕಾಯಬೇಕು. ದೊಡ್ಡ ಮೊತ್ತ ಕಟ್ಟಲಾರದವರ ಸಾಲು ಮೂವತ್ತು ವರ್ಷದ ಹತ್ತಿರ. ಎಪ್ಪತ್ತರ ಮುದುಕಿ ನೂರನೆಯ ವರ್ಷದಲ್ಲಿ ವಿಮಾನ ಹತ್ತಬೇಕು. 2023ರಲ್ಲಿ ಆ ದೇಶದ ವಲಸೆ ವ್ಯವಸ್ಥೆಯನ್ನು ಪರಿಶೀಲಿಸಿದ ಸಮಿತಿಯ ವರದಿಯೇ ಇದನ್ನು ಕ್ರೂರ ಎಂದು ಕರೆಯಿತು.

ಬ್ರಿಟನ್ನಿನ ಇನ್ನೊಂದು ತೀರ್ಪು ನನ್ನನ್ನು ಬಹಳ ದಿನ ಕಾಡಿತು. 2018ರದ್ದು. ದಕ್ಷಿಣ ಆಫ್ರಿಕಾದಲ್ಲಿದ್ದ ಕಾಯಿಲೆಯ ತಾಯಿ, ಲಂಡನ್ನಿನಲ್ಲಿ ಕೆಲಸದಲ್ಲಿದ್ದ ಮಗಳು. ಅಮ್ಮ ಅಲ್ಲಿಗೆ ಹೋಗುವುದಕ್ಕೆ ಅಪೀಲು. ಮಗಳಿಗೆ ಅಮ್ಮನನ್ನು ನೋಡಿಕೊಳ್ಳಲೇಬೇಕು ಎಂದಿದ್ದರೆ ಅವಳೇ ವಾಪಸ್ಸು ಹೋಗಬಹುದು, ಹೋಗದಿರುವುದು ಅವಳ ಆಯ್ಕೆ ಎನ್ನುವ ಅರ್ಥದ ಮಾತನ್ನು ನ್ಯಾಯಾಲಯ ಹೇಳಿತು. ಇದನ್ನು ಓದಿದಾಗ ನನಗೆ ಲಂಡನ್ನು ಕಾಣಲಿಲ್ಲ, ನಮ್ಮ ಬೀದಿಯ ಜಗಲಿ ಕಂಡಿತು. "ಏನು ಸಂಪಾದನೆ ಮಾಡಿ ಏನು ಪ್ರಯೋಜನ, ಹೆತ್ತ ತಾಯಿಯನ್ನು ಆಳಿನ ಕೈಗೆ ಬಿಟ್ಟು ಹೋದಳಲ್ಲ" ಎಂದು ದೊಡ್ಡಮ್ಮನ ಮಗಳ ವಿಷಯವಾಗಿ ಹೇಳಿದವರು ಎಷ್ಟು ಜನ! ಅದೇ ಬೀದಿಯಲ್ಲಿ ಮಗ ಅಮೆರಿಕದಲ್ಲಿರುವ ಮನೆಯೂ ಇದೆ. ಅಲ್ಲಿ ಅವನು ವಾಪಸ್ಸು ಬರಬೇಕು ಎಂದು ಯಾರೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಸೊಸೆ ಬಂದು ಆರು ತಿಂಗಳು ಇದ್ದು ಹೋಗಲಿ ಎನ್ನುತ್ತಾರೆ. ಇಪ್ಪತ್ತು ವರ್ಷ ಓದಿ, ಇಪ್ಪತ್ತು ವರ್ಷ ದುಡಿದು, ಶಾಲೆಗೆ ಹೋಗುವ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಲವತ್ತೇಳನೆಯ ವಯಸ್ಸಿನಲ್ಲಿ ಬದುಕನ್ನು ಬುಡಸಮೇತ ಕಿತ್ತು ತರುವುದು ಆಯ್ಕೆ ಎನ್ನುವ ಶಬ್ದದಲ್ಲಿ ಅಡಗುವಷ್ಟು ಸಣ್ಣದೇ? ಹಾಗೆಂದು ದೊಡ್ಡಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತಮ್ಮ ತುಳಸಿಕಟ್ಟೆ, ಗೋಡೆಯ ಆಚೆಯ ಮಾತು, ಭಾನುವಾರದ ಸಂತೆ ಎಲ್ಲವನ್ನೂ ಬಿಟ್ಟು ಹೋಗುವುದೂ ಸಣ್ಣದಲ್ಲ. ಯಾರಾದರೊಬ್ಬರು ಕಿತ್ತುಕೊಳ್ಳಲೇಬೇಕು ಎಂದಾದಾಗ ಮಗಳೇ ಎಂದು ಅಷ್ಟು ಸಲೀಸಾಗಿ ಬಾಯಿಗೆ ಬರುವುದು ನನಗೆ ಸೇರುವುದಿಲ್ಲ.

ನಮ್ಮ ಕಾನೂನಾದರೂ ಏನು ಹೇಳುತ್ತದೆ? ಹೆಣ್ಣುಮಕ್ಕಳ ಹೆಸರು ಪಾಳಿಯ ಲೆಕ್ಕಕ್ಕೆ ಸೇರಿದ್ದು ಇಲ್ಲೇ. ಮದುವೆಯಾದ ಮಗಳೂ ತನ್ನ ಸಂಪಾದನೆಯಿಂದ ತಂದೆಗೆ ಜೀವನಾಂಶ ಕೊಡಬೇಕೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. 2007ರಲ್ಲಿ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂತು. ಹೊರದೇಶದಲ್ಲಿರುವ ಭಾರತದ ಪ್ರಜೆಗಳಿಗೂ ಅದು ಅನ್ವಯಿಸುತ್ತದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗದ ನ್ಯಾಯಮಂಡಳಿಗೆ ದೂರು ಕೊಡಬಹುದು, ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡಿಸಬಹುದು ಎಂದು ಕಾಯಿದೆ ಹೇಳಿತು. ಒಳ್ಳೆಯದೇ. ಆದರೆ ಅಲ್ಲೂ ಇರುವುದು ಹಣದ ಮಾತು. ಆ ಕಾಯಿದೆಯ ಕಣ್ಣಿನಲ್ಲಿ ದೊಡ್ಡಮ್ಮನ ಮಗಳು ಆದರ್ಶ ಮಗಳು. ತಿಂಗಳು ತಿಂಗಳು ಅವಳು ಏಜೆನ್ಸಿಗೆ ಕಟ್ಟುವುದು, ಮನೆಖರ್ಚಿಗೆ ಕಳಿಸುವುದು ಸೇರಿದರೆ ಅದರ ಮೂರು ಪಟ್ಟು. ನಾನು ಕೆಲಸಕ್ಕೆ ಸೇರಿ ಹದಿನೈದು ವರ್ಷವಾದಾಗಲೂ ನನಗೆ ಅಷ್ಟು ಸಂಬಳ ಬರುತ್ತಿರಲಿಲ್ಲ! ಅಂದರೆ ನಾವೂ ಬ್ರಿಟನ್ನೂ ಒಂದು ವಿಷಯದಲ್ಲಿ ಒಂದೇ ಕಡೆ ಇದ್ದೇವೆ. ಆರೈಕೆ ಎನ್ನುವುದು ಅಕ್ಕಿ ಬೇಳೆಯ ಹಾಗೆ, ಯಾವ ಅಂಗಡಿಯಿಂದ ತಂದರೂ ಹೊಟ್ಟೆ ತುಂಬುತ್ತದೆ ಎಂದು ಇಬ್ಬರೂ ತಿಳಿದ ಹಾಗಿದೆ.

ಪೂರ್ತಿ ಸುಳ್ಳೂ ಅಲ್ಲ ಅದು. ಸೊಂಟ ಮುರಿದವರನ್ನು ಎತ್ತಿ ಕೂರಿಸುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು ಕಲಿತ ಕೈಗೆ ಬರುತ್ತದೆ, ಪ್ರೀತಿ ಇದ್ದ ಮಾತ್ರಕ್ಕೆ ಬರುವುದಿಲ್ಲ. ಹೊತ್ತುಹೊತ್ತಿಗೆ ಮಾತ್ರೆ ಕೊಡುವುದರಲ್ಲಿ ಬಾಡಿಗೆಯ ಕೈ ಎಷ್ಟೋ ಮನೆಗಳ ಮಗ ಸೊಸೆಗಿಂತ ಮೇಲು. ಆದರೆ ಆರೈಕೆಯಲ್ಲಿ ಕೈಗೆ ಬರದ ಒಂದು ಭಾಗವಿದೆ. ದೊಡ್ಡಮ್ಮ ತಮ್ಮ ಗಂಡನ ವಿಷಯ ಏನಾದರೂ ನೆನೆಸಿಕೊಂಡು ಅರ್ಧಕ್ಕೆ ನಿಲ್ಲಿಸುತ್ತಾರೆ. ಉಳಿದ ಅರ್ಧ ಗೊತ್ತಿರುವವಳು ಭೂಮಿಯ ಮೇಲೆ ಒಬ್ಬಳೇ. ಅದನ್ನು ಏಜೆನ್ಸಿಯವರು ಕಳಿಸಲಾರರು. ನನಗೂ ಇಪ್ಪತ್ತೆರಡು ವರ್ಷದ್ದು ಮಾತ್ರ ಗೊತ್ತು. ಈ ಭಾಗಕ್ಕೆ ಒಬ್ಬ ತಾಯಿಗೆ ಹಕ್ಕು ಇದೆಯೇ, ಇದ್ದರೆ ಅದನ್ನು ಕೊಡಬೇಕಾದ್ದು ಮಗಳೋ ಅಥವಾ ಮಗಳಿರುವ ದೇಶವೋ? ಮಗಳು ಕೊಡಲು ಸಿದ್ಧಳಾಗಿ, ಅದರ ಖರ್ಚನ್ನೂ ಹೊರುತ್ತೇನೆ ಎಂದು ನಿಂತಾಗ ಆ ದೇಶ ಅಡ್ಡ ಬರಬಾರದು ಎನ್ನುವ ಮಟ್ಟಿಗೆ ನಾನು ಧೈರ್ಯವಾಗಿ ಹೇಳಬಲ್ಲೆ. ಅದಕ್ಕಿಂತ ಮುಂದೆ ಹೋಗುವುದು ನನಗೆ ಕಷ್ಟ.

ಕಾಗದದ ವಿಷಯಕ್ಕೆ ಬರುತ್ತೇನೆ. ನಾನು ನೋಡಿಕೊಳ್ಳಲಾರೆ ಎಂದು ಬರೆದುಕೊಡುವುದು. ಬರೆಯಲು ಕೂತಾಗ ಕಷ್ಟ ಗೊತ್ತಾಯಿತು. ನಿಜ ಏನೆಂದರೆ ನಾನು ಬೆಳಿಗ್ಗೆ ಅವರ ಹಾಲು ತೆಗೆದಿಡುತ್ತೇನೆ, ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇನೆ, ಸಾರು ಮಾಡಿದ ದಿನ ಒಂದು ಲೋಟ ಕಳಿಸುತ್ತೇನೆ. ಇದನ್ನೆಲ್ಲ ಬರೆದರೆ ಆರೈಕೆಗೆ ಇಲ್ಲೇ ಜನ ಇದ್ದಾರೆ ಎಂದಾಗುತ್ತದೆ. ನನ್ನ ಒಂದೊಂದು ಲೋಟ ಸಾರೂ ದೊಡ್ಡಮ್ಮನಿಗೆ ವಿರುದ್ಧ ಸಾಕ್ಷಿ. ಬರೆಯದಿದ್ದರೆ ಸುಳ್ಳು. ಮನೆಯವರು, "ಸುಮ್ಮನೆ ಆಗುವುದಿಲ್ಲ ಅಂತ ಎರಡು ಸಾಲು ಬರೆದುಕೊಡು, ಅವರಿಗೆ ಒಳ್ಳೆಯದಾಗುತ್ತದೆ" ಎಂದರು. ಮಕ್ಕಳಿಗೆ ರಜಾಚೀಟಿಯಲ್ಲಿ ಸುಳ್ಳು ಜ್ವರ ಬರೆಯಬೇಡಿ ಎಂದು ಹೇಳುವ ಕೈ ಅದು, ಬರೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಹಾಲು, ಬ್ಯಾಂಕು, ಸಾರು ಎಲ್ಲ ಬರೆದೆ. ಒಂಬತ್ತೂವರೆಯಿಂದ ನಾಲ್ಕೂವರೆಯವರೆಗೆ ಶಾಲೆಯಲ್ಲಿರುತ್ತೇನೆ ಎಂದು ಬರೆದೆ. ರಾತ್ರಿ ಅವರು ಕೂಗಿದರೆ ಗೋಡೆಯ ಆಚೆ ಕೇಳಿಸುವುದಿಲ್ಲ ಎಂದು, ಅವರನ್ನು ಎತ್ತುವ ಶಕ್ತಿ ನನಗಿಲ್ಲ ಎಂದು, ಹದಿನೆಂಟು ತಿಂಗಳಲ್ಲಿ ಹೋಂ ನರ್ಸುಗಳು ಮೂರು ಸಲ ಬದಲಾದರೆಂದು, ನಡುವೆ ಹನ್ನೊಂದು ದಿನ ಯಾರೂ ಇರಲಿಲ್ಲವೆಂದು ಬರೆದೆ. ಕೊನೆಯಲ್ಲಿ, ಈ ತಾಯಿ ನಮ್ಮ ಪಕ್ಕದಲ್ಲೇ ಇರಲಿ ಎಂಬುದು ನನ್ನ ಸ್ವಂತ ಆಸೆ, ಆದರೆ ಅವರು ಮಗಳ ಹತ್ತಿರ ಇರುವುದು ಸರಿ ಎಂದು ಸೇರಿಸಿದೆ. ಈ ವಾಕ್ಯ ಅಲ್ಲಿ ಬೇಕಾಗಿಲ್ಲ ಎಂದು ವಕೀಲರು ಹೇಳಿಕಳಿಸಿದರು. ಇರಲಿ ಬಿಡಿ ಎಂದೆ.

ಇದಕ್ಕಿಂತ ಕಷ್ಟ ದೊಡ್ಡಮ್ಮನ ಹೇಳಿಕೆ. ಬಹಿರ್ದೆಸೆಗೆ ಹೋಗಿಬರಲು ಯಾರ ಸಹಾಯ ಬೇಕು, ಸೀರೆ ಯಾರು ಉಡಿಸುತ್ತಾರೆ ಎಂದೆಲ್ಲ ಅವರ ಬಾಯಲ್ಲೇ ಹೇಳಿಸಿ ಬರೆದುಕೊಳ್ಳಬೇಕಾಗಿತ್ತು. ಐವತ್ತು ವರ್ಷ ಮನೆ ನಡೆಸಿದ ಹೆಂಗಸು. ಗಂಡನ ಪೆನ್ಷನ್ನಿನಲ್ಲಿ ಉಳಿಸಿ ಮಗಳಿಗೆ ಡಾಕ್ಟರಿ ಓದಿಸಿದವರು. ಪ್ರತಿ ಪ್ರಶ್ನೆಗೂ, "ಅದೆಲ್ಲ ನಾನೇ ಮಾಡ್ಕೋತೀನಿ ಕಣಮ್ಮ, ಸ್ವಲ್ಪ ನಿಧಾನ ಆಗುತ್ತೆ ಅಷ್ಟೆ" ಎನ್ನುತ್ತಿದ್ದರು. ಹಾಗೆ ಬರೆದರೆ ವೀಸಾ ಸಿಗುವುದಿಲ್ಲ ದೊಡ್ಡಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳ ಮನೆಗೆ ಹೋಗಕ್ಕೆ ಇಷ್ಟು ಮರ್ಯಾದೆ ಕಳ್ಕೋಬೇಕಾ?" ಎಂದರು. ಆ ದಿನ ಬರೆಯಲಿಲ್ಲ. ಮೂರು ದಿನ ಬಿಟ್ಟು ಅವರೇ ಕರೆದು ಎಲ್ಲ ಹೇಳಿದರು, ಕಿಟಕಿಯ ಕಡೆ ಮುಖ ಮಾಡಿಕೊಂಡು.

ಅರ್ಜಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಅಪೀಲು ಹೋಗುತ್ತೇನೆ ಎಂದು ಮಗಳು ಹೇಳಿದ್ದಾಳೆ.

ಈಗಿರುವ ಹೋಂ ನರ್ಸು ಕೊಪ್ಪಳದ ಕಡೆಯ ಹೆಂಗಸು. ನಲವತ್ತರ ಆಸುಪಾಸು. ಗಂಡ ಇಲ್ಲ, ಮಗ ಹಾಸ್ಟೆಲಿನಲ್ಲಿ ಓದುತ್ತಾನೆ. ಕೆಲಸ ಅಚ್ಚುಕಟ್ಟು, ದೊಡ್ಡಮ್ಮನ ಜಡೆ ಹಾಕುವಾಗ ಏನಾದರೂ ಹಾಡಿಕೊಳ್ಳುತ್ತಾಳೆ. ಇಂಗ್ಲೆಂಡಿನ ನಿಯಮದಲ್ಲಿ ಇಲ್ಲಿ ಆರೈಕೆ ಸಿಗುತ್ತದೆ ಎಂದು ಬರೆದಿರುವುದು ಇವಳ ಬಗ್ಗೆಯೇ ಎಂದು ಅವಳಿಗೆ ಗೊತ್ತಿಲ್ಲ. ಒಂದು ದಿನ ಸಂಜೆ ಗೋಡೆಯ ಹತ್ತಿರ ನಿಂತಾಗ ಊರಿನಲ್ಲಿ ಯಾರಿದ್ದಾರೆ ಎಂದು ಕೇಳಿದೆ.

"ಅವ್ವ ಅದಾಳ್ರಿ ಟೀಚರ್. ಕಣ್ಣು ಸರಿಯಾಗಿ ಕಾಣಂಗಿಲ್ಲ."

"ಒಬ್ಬರೇನಾ? ಯಾರು ನೋಡಿಕೊಳ್ಳುತ್ತಾರೆ?"

"ಬಾಜೂ ಮನಿಯವ್ರು ನೋಡ್ತಾರ್ರಿ" ಎಂದಳು. ಒಳಗಿನಿಂದ ದೊಡ್ಡಮ್ಮ ಕರೆದರು, ಹೋದಳು.